ಏಳು ತಿಂಗಳ ಕೂಸು

ಬೆಟ್ಟಸ್ವಾಮಿ ಗೋವಿಂದರಾಜುವಿನ ತಲೆಗೆ ನೀರು ಹಾಕಿ ತಿಕ್ಕಿ, ಹಣೆಯಿಂದ ನಡುನೆತ್ತಿಯವರೆಗೆ ಕ್ಷೌರದ ಕತ್ತಿಯನ್ನು ಒಂದು ಸಲ ಎಳೆದಿದ್ದ. ಅಷ್ಟರಲ್ಲಿ ಗೋವಿಂದರಾಜುವಿನ ಚಿಕ್ಕಮ್ಮ ಓಬಳಮ್ಮ ಸೆರಗು ಸಿಕ್ಕಿಸಿಕೊಂಡು ಮನೆಯೊಳಗಿಂದ ಓಡಿಬಂದು ಅಡ್ಡ ನಿಂತಳು.

"ತಡಿಯಪ್ಪ, ಕತ್ತಿ ಎತ್ತು. ಇವನ ಹೆಂಡ್ತಿ ಬಸುರಿಯಂತೆ."

ಬೆಟ್ಟಸ್ವಾಮಿ ಕತ್ತಿ ಎತ್ತಿದ. ಎತ್ತಿ ಏನು ಪ್ರಯೋಜನ, ಬಂದ ಕೂದಲು ಬಂದಾಗಿತ್ತು. ಗೋವಿಂದರಾಜುವಿನ ತಲೆಯ ಮಧ್ಯೆ ಎರಡು ಬೆರಳಗಲದ ಹಾದಿ ಬಿದ್ದಿತ್ತು, ಎರಡೂ ಕಡೆ ಕೂದಲು ಹಾಗೇ ನಿಂತಿತ್ತು. ಅವನು ಬರಿಮೈಯಲ್ಲಿ ಕುಕ್ಕರುಗಾಲಲ್ಲಿ ಕೂತು, ನೀರು ಕಣ್ಣಿಗಿಳಿಯುತ್ತಿದ್ದರೂ ಒರೆಸಿಕೊಳ್ಳದೆ, ಒಮ್ಮೆ ಚಿಕ್ಕಮ್ಮನ ಮುಖ ನೋಡಿದ, ಒಮ್ಮೆ ಬೆಟ್ಟಸ್ವಾಮಿಯ ಮುಖ ನೋಡಿದ. ಏಳಬೇಕೋ ಕೂತಿರಬೇಕೋ ಅವನಿಗೆ ತಿಳಿಯಲಿಲ್ಲ.

ಚಪ್ಪರದ ಕೆಳಗೆ ಅವನ ತಾಯಿ ಮಹಾಲಕ್ಷ್ಮಮ್ಮ ಹೊಸ ಸೀರೆ ಹೊದ್ದು ಮಲಗಿದ್ದಳು. ಹಿಂದಿನ ಸಂಜೆ ಹೆಬ್ಬೂರಿನ ಡೈರಿಗೆ ಹಾಲು ಹಾಕಿ, ಯಾಕೋ ಸುಸ್ತು ಅಂತ ಕ್ಯಾನಿನ ಪಕ್ಕ ಗೋಡೆಗೆ ಒರಗಿ ಕೂತವಳು ಮತ್ತೆ ಏಳಲಿಲ್ಲ. ಗಂಡ ಯಲ್ಲಯ್ಯ ಸತ್ತ ಮೇಲೆ ಹಸುಗಳನ್ನು ನಂಬಿಕೊಂಡೇ ಸಂಸಾರ ತೂಗಿಸಿದವಳು. ಊರಿಗೆ ಅವಳು ಗೊತ್ತಿದ್ದದ್ದು ನೀರು ಬೆರೆಸದ ಹಾಲಿಗೆ ಮತ್ತು ನೆಟ್ಟಗೆ ಉತ್ತರ ಕೊಡದ ಬಾಯಿಗೆ. ನಾಳೆ ಕಳೆ ತೆಗೆಯೋಕೆ ಬರ್ತೀಯಾ ಅಂದರೆ 'ನೋಡಾನ ಬುಡು', ಊಟ ಆಯ್ತಾ ಅಂದರೂ 'ನೋಡಾನ ಬುಡು'. ಹೂಂ ಅಂತಲೋ ಊಹೂಂ ಅಂತಲೋ ಅವಳ ಬಾಯಲ್ಲಿ ಕೇಳಿದವರು ಕಡಿಮೆ.

ಅವರ ಕುಲದಲ್ಲಿ ಮಣ್ಣು ಕೊಡುವವನು ಹೆಣ ಎತ್ತುವ ಮೊದಲೇ ತಲೆ ಬೋಳಿಸಿಕೊಳ್ಳಬೇಕು. ಹೆಂಡತಿ ಬಸುರಿಯಾಗಿರುವವನು ಮಾತ್ರ ತಲೆಗೆ ಕತ್ತಿ ತಾಗಿಸಬಾರದು, ಹೆಣಕ್ಕೆ ಹೆಗಲು ಕೊಡಬಾರದು, ಗುಂಡಿಗೆ ಮಣ್ಣು ಹಾಕಬಾರದು. ಹಾಕಿದರೆ ಹೊಟ್ಟೆಯಲ್ಲಿರುವುದಕ್ಕೆ ಒಳ್ಳೆಯದಲ್ಲ ಅನ್ನುತ್ತಾರೆ. ಹೆತ್ತ ತಾಯಿಗೂ ಇದೇ ಲೆಕ್ಕವೋ, ತಾಯಿಗಾದರೆ ವಿನಾಯಿತಿ ಉಂಟೋ ಅನ್ನುವುದು ಆ ಊರಿನಲ್ಲಿ ಅದುವರೆಗೆ ಇತ್ಯರ್ಥವಾಗಿರಲಿಲ್ಲ, ಅಂಥ ಸಂದರ್ಭವೇ ಬಂದಿರಲಿಲ್ಲ.

ಈಗ ಬಂತು. ಬಂದದ್ದು ಗುಬ್ಬಿಯ ಬಸ್ಸಿನಲ್ಲಿ. ಸೊಸೆ ಅರುಣಾಳ ತಾಯಿ ಅಳುತ್ತ ಬಂದವಳು, ಬೀಗಿತ್ತಿಯ ಕಾಲಿಗೆ ಬಿದ್ದು ಎದ್ದು, ಮಗಳೆಲ್ಲಿ ಅಂತ ಹುಡುಕಿಕೊಂಡು ಹಿತ್ತಲಿಗೆ ಹೋಗಿ, ಬಸುರಿ ಹುಡುಗಿಯನ್ನು ಹೆಣವಿಟ್ಟ ಮನೆಯಲ್ಲೇ ಕೂರಿಸಿಕೊಂಡಿದ್ದೀರಲ್ಲ ಅಂತ ಗೋಳಾಡಿದಳು. ಮೂರು ತಿಂಗಳು ತುಂಬುವವರೆಗೆ ಯಾರಿಗೂ ಹೇಳುವುದು ಬೇಡ ಅಂತ ಅತ್ತೆ ಸೊಸೆ ಮಾತಾಡಿಕೊಂಡಿದ್ದರು. ಅರುಣಾ ಎಸ್‌ಟಿಡಿ ಬೂತಿನಿಂದ ತಾಯಿಗೆ ಮಾತ್ರ ಹೇಳಿದ್ದಳು. ಗುಟ್ಟು ಹೆಣದ ಮನೆಯಲ್ಲಿ ಒಡೆಯಿತು.

ತಲೆಕೆಡಿಸಿದ್ದು ಅದಲ್ಲ. ಬೆಳಿಗ್ಗೆ ಹೆಣಕ್ಕೆ ನೀರು ಹಾಕುವಾಗ ಇದ್ದೊಬ್ಬ ಸೊಸೆ ಅರುಣಾಳನ್ನು ದೂರ ಕೂರಿಸಿದವಳು ಇದೇ ಓಬಳಮ್ಮ. ಬಚ್ಚಲಲ್ಲಿ ಅರುಣಾ ರಕ್ತದ ಬಟ್ಟೆ ಒಗೆಯುತ್ತಿದ್ದದ್ದನ್ನು ಅವಳು ಕಣ್ಣಾರೆ ಕಂಡಿದ್ದಳು. ಹುಡುಗಿ ಹೊರಗಾಗಿದ್ದಾಳೆ, ಹೆಣ ಮುಟ್ಟಬಾರದು ಅಂತ ನಾಲ್ಕು ಜನರ ಮುಂದೆ ಹೇಳಿದ್ದಳು. ಈಗ ಅದೇ ಬಾಯಲ್ಲಿ ಬಸುರಿ ಅನ್ನುತ್ತಿದ್ದಾಳೆ.

ಊರಲ್ಲಿ ಮದುವೆ ಸಾವುಗಳ ಶಾಸ್ತ್ರ ಹೇಳುವವನು ಅಂಜನಪ್ಪ. ಶಾಸ್ತ್ರದಲ್ಲಿ ಅವನಿಗೆ ಎಂದೂ ಅನುಮಾನ ಬಂದದ್ದಿಲ್ಲ, ಬಂದರೂ ಹೇಳಿಕೊಂಡವನಲ್ಲ. ಅವನೇ ಈಗ ಗಡ್ಡ ಕೆರೆದುಕೊಂಡ.

"ಬೆಳಿಗ್ಗೆ ಮುಟ್ಟಾಗವ್ಳೆ ಅಂದೆ. ಈಗ ಬಸುರಿ ಅಂತೀಯ. ಎರಡೂ ಹೆಂಗಾಯ್ತದೆ ಓಬಳಮ್ಮ?"

"ಅದೇ ನಂಗೂ ತಿಳೀತಿಲ್ಲ," ಅಂದಳು ಓಬಳಮ್ಮ.

ಎರಡರಲ್ಲಿ ಯಾವುದೋ ಒಂದು ಸುಳ್ಳಿರಬೇಕು ಅಂತ ಚಪ್ಪರದಡಿ ಕೂತವರೆಲ್ಲ ತಲೆದೂಗಿದರು. ಮುಟ್ಟು ನಿಂತರೆ ಬಸುರು, ಬಸುರಾದರೆ ಮುಟ್ಟಿಲ್ಲ, ಇದರಲ್ಲಿ ತಿಳಿಯದ್ದೇನಿದೆ? ಕೊನೆಗೆ ಅಂಜನಪ್ಪ ಗೋವಿಂದರಾಜುವನ್ನೇ ಕೇಳಿದ. ಏನಪ್ಪ, ನಿನ್ನ ಹೆಂಡತಿ ಬಸುರಿಯೋ ಅಲ್ಲವೋ?

"ಗೊತ್ತಿಲ್ಲ," ಅಂದ ಗೋವಿಂದರಾಜು.

ಹೆಂಡತಿ ಬಸುರಿಯೋ ಅಲ್ಲವೋ ಗೊತ್ತಿಲ್ಲದ ಗಂಡನನ್ನು ಅವರೆಲ್ಲ ಅಂದೇ ಮೊದಲು ನೋಡಿದ್ದು. ಹೆಣದ ಮುಂದೆ ನಗಬಾರದು ಅಂತ ಒಂದಿಬ್ಬರು ಕೆಮ್ಮಿದರು. ಪಾಪ, ಏಳು ತಿಂಗಳ ಕೂಸಲ್ಲವೇ ಅಂತ ಹಿಂದೆ ಯಾರೋ ಅಂದರು. ಗೋವಿಂದರಾಜು ತಿಂಗಳು ತುಂಬದೆ ಹುಟ್ಟಿದವನು ಅನ್ನುವುದು ಊರಿಗೆಲ್ಲ ಗೊತ್ತಿದ್ದ ಸಂಗತಿ. ಚಿಕ್ಕಂದಿನಲ್ಲಿ ನೆಗಡಿಯಾದರೂ ಅದೇ ಕಾರಣ, ಎಸ್ಸೆಸ್ಸೆಲ್ಸಿ ಗಣಿತದಲ್ಲಿ ಫೇಲಾದದ್ದಕ್ಕೂ ಅದೇ ಕಾರಣ. ಹಿರೇಹಳ್ಳಿಯ ಫ್ಯಾಕ್ಟರಿಯಲ್ಲಿ ಕೆಲಸ ಸಿಕ್ಕಿದಾಗ, ಏಳು ತಿಂಗಳಿಗೆ ಹುಟ್ಟಿದವನಾದರೂ ಪರವಾಗಿಲ್ಲ ಕಣ್ರಿ ಅಂತ ಹೊಗಳಿದವರೂ ಇದ್ದರು.

*

ಗೊತ್ತಿಲ್ಲ ಅಂತ ಅವನು ಅಂದದ್ದು ಸುಳ್ಳಲ್ಲ. ಮದುವೆಯಾಗಿ ನಾಲ್ಕು ವರ್ಷವಾದ ಮೇಲೆ ಅರುಣಾಳಿಗೆ ಮುಟ್ಟು ನಿಂತಿತ್ತು. ಎರಡನೆಯ ತಿಂಗಳು ನಡೆಯುತ್ತಿರುವಾಗ ಒಂದು ಮಧ್ಯಾಹ್ನ ಸೀರೆಗೆ ರಕ್ತ ಕಂಡು ಅವಳು ಬಚ್ಚಲಲ್ಲೇ ಕೂತುಬಿಟ್ಟಳು. ಗೋವಿಂದರಾಜು ಶಿಫ್ಟಿನಲ್ಲಿದ್ದ. ಮಹಾಲಕ್ಷ್ಮಮ್ಮನೇ ಅವಳನ್ನು ತುಮಕೂರಿಗೆ ಕರೆದುಕೊಂಡು ಹೋದಳು. ಇದೆಲ್ಲ ನಡೆದದ್ದು ಹಿಂದಿನ ವಾರ.

ಸ್ಕ್ಯಾನಿಂಗ್ ಸೆಂಟರಿನಲ್ಲಿ ನೀರು ಕುಡಿದು ಕೂತವರ ದೊಡ್ಡ ಸಾಲೇ ಇತ್ತು. ಡಾಕ್ಟರಮ್ಮ ಒಳ್ಳೆಯವಳು, ಅವಸರ ಮಾಡಲಿಲ್ಲ. ಪರದೆಯ ಮೇಲೆ ಒಂದು ಕಪ್ಪು ಚುಕ್ಕೆಯನ್ನು ತೋರಿಸಿ, ಚೀಲ ಕಾಣಿಸುತ್ತಿದೆ, ಎದೆಬಡಿತ ಇನ್ನೂ ಕಾಣುತ್ತಿಲ್ಲ ಅಂದಳು. ದಿನ ಇನ್ನೂ ಕಡಿಮೆಯಿರುವುದರಿಂದ ಕಾಣದೆ ಇರಬಹುದು, ಬೆಳವಣಿಗೆ ನಿಂತುಹೋಗಿಯೂ ಇರಬಹುದು. ಶುರುವಿನಲ್ಲಿ ರಕ್ತ ಹೋಗುವುದು ಎಷ್ಟೋ ಜನಕ್ಕೆ ಆಗುತ್ತದೆ, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಉಳಿದುಕೊಳ್ಳುತ್ತವೆ, ಕೆಲವು ಹೋಗುತ್ತವೆ. ಹತ್ತು ದಿನ ಬಿಟ್ಟು ಬಂದರೆ ಹೇಳಬಹುದು. ಹೆಚ್ಚಾಗಿ ಹೋದರೆ, ಹೊಟ್ಟೆ ನೋವು ಬಂದರೆ ಕಾಯದೆ ಬರಬೇಕು.

ಜನ್ಮದಲ್ಲಿ ಯಾರಿಗೂ ನೆಟ್ಟಗೆ ಉತ್ತರ ಕೊಡದ ಮಹಾಲಕ್ಷ್ಮಮ್ಮ ಅಂದು ಡಾಕ್ಟರಮ್ಮನನ್ನು ಬಿಡಲಿಲ್ಲ. ಐತಾ ಇಲ್ವಾ, ಎರಡರಲ್ಲಿ ಒಂದು ಹೇಳವ್ವ ಅಂದಳು. ಈಗ ಹೇಳೋಕಾಗಲ್ಲ ಅಂದಳು ಡಾಕ್ಟರಮ್ಮ. ಮಲಗಿಕೊಂಡೇ ಇದ್ದರೆ ಉಳಿಯುತ್ತದಾ ಅಂತ ಕೇಳಿದಳು. ಸುಸ್ತಾದರೆ ಮಲಗಲಿ, ಮಲಗಿದ ಮಾತ್ರಕ್ಕೆ ಉಳಿಯುತ್ತದೆ ಅಂತಲೂ ಇಲ್ಲ, ಓಡಾಡಿದ ಮಾತ್ರಕ್ಕೆ ಹೋಗುತ್ತದೆ ಅಂತಲೂ ಇಲ್ಲ ಅಂದಳು. ಅರುಣಾಳಿಗೆ ಯಾವುದಕ್ಕೆ ಅಳಬೇಕು ಅಂತಲೇ ತಿಳಿಯಲಿಲ್ಲ. ಹೋಯಿತು ಅಂದಿದ್ದರೆ ಅತ್ತುಬಿಡುತ್ತಿದ್ದಳು, ಇದೆ ಅಂದಿದ್ದರೂ ಅಳುತ್ತಿದ್ದಳು.

ಹೆಬ್ಬೂರಿನ ಬಸ್ಸು ಹೊರಡುವುದು ತಡವಿತ್ತು. ಕಿಟಕಿಯ ಪಕ್ಕ ಸೊಸೆಯನ್ನು ಕೂರಿಸಿ, ಮಹಾಲಕ್ಷ್ಮಮ್ಮ ಮೂಸಂಬಿ ಬಿಡಿಸಿ ತೊಳೆ ತೊಳೆಯಾಗಿ ಕೊಡುತ್ತ, ಹೊರಗೆ ನೋಡಿಕೊಂಡು ಮಾತಾಡಿದಳು. ಅಷ್ಟು ಮಾತು ಅವಳ ಬಾಯಲ್ಲಿ ಅರುಣಾ ಎಂದೂ ಕೇಳಿರಲಿಲ್ಲ.

ಅವಳು ಹೇಳಿದ್ದು ಮೈದುನ ಗಂಗಹನುಮಯ್ಯನ ಮದುವೆಯ ಸಂಗತಿ. ಆಗ ಮನೆ ಒಂದೇ ಇತ್ತು. ವೈಶಾಖದಲ್ಲಿ ಮದುವೆ. ಅಷ್ಟು ಹೊತ್ತಿಗೆ ಅವಳಿಗೆ ಎರಡು ತಿಂಗಳಿಂದ ಮುಟ್ಟು ನಿಂತಿತ್ತು, ಬಸುರಿ ಅಂತ ಅತ್ತೆ ಭಾರ ಎತ್ತಿಸುತ್ತಿರಲಿಲ್ಲ. ಚಪ್ಪರದ ದಿನವೇ ರಕ್ತ ಕಾಣಿಸಿತು. ಅತ್ತೆ ಏನೂ ಕೇಳದೆ ಕೊಟ್ಟಿಗೆಯ ಮೂಲೆಗೆ ಚಾಪೆ ಹಾಕಿಸಿದಳು. ಮದುವೆಯ ಅಡುಗೆಗೆ ದೊಡ್ಡ ಸೊಸೆಯೇ ಇಲ್ಲವಲ್ಲ ಅಂತ ನೆಂಟರು ಕೇಳಿದಾಗ, ಬಾಸಿಂಗ ಕಟ್ಟಿಕೊಂಡು ಕೂತಿದ್ದ ಮದುಮಗ ತಮಾಷೆ ಮಾಡಿದ. ನಮ್ಮತ್ತಿಗೆ ಎರಡು ತಿಂಗಳಿಂದ ಬಸುರಿ ಅಂತ ಹೇಳಿ ಕೆಲಸ ತಪ್ಪಿಸಿಕೊಂಡಳು, ಈಗ ನೋಡಿದರೆ ಹೊರಗೆ ಕೂತಿದ್ದಾಳೆ, ಸುಳ್ಳು ಬಸುರು. ಚಪ್ಪರವೆಲ್ಲ ನಕ್ಕಿತು. ಕೊಟ್ಟಿಗೆಗೆ ಆ ನಗು ಚೆನ್ನಾಗಿ ಕೇಳಿಸಿತು.

ಅಂದಿನಿಂದ ಅವಳು ಮೈದುನನ ಜೊತೆ ಮಾತು ಬಿಟ್ಟಳು. ಕಾರಣವನ್ನು ಯಾರಿಗೂ ಹೇಳಲಿಲ್ಲ. ಮನೆ ಭಾಗವಾಗಿ ಅವನು ಅದೇ ಬೀದಿಯ ಕೊನೆಗೆ ಹೋದ ಮೇಲೂ ಅವನ ಹೊಸಿಲು ತುಳಿಯಲಿಲ್ಲ. ತೀರಾ ಹೇಳಲೇಬೇಕಾದದ್ದು ಇದ್ದರೆ ಅವನು ಎದುರಿಗಿರುವಾಗ ಹಸುವಿಗೆ ಹೇಳುತ್ತಿದ್ದಳು. ನಲ್ಲೀಲಿ ನೀರು ಬಂದೈತೆ ಅಂತ ನಿಮ್ಮ ಚಿಕ್ಕಯ್ಯನಿಗೆ ಹೇಳೇ ಅಂತ. ಹಸು ಸುಮ್ಮನಿರುತ್ತಿತ್ತು, ಗಂಗಹನುಮಯ್ಯ ಬಿಂದಿಗೆ ತರಲು ಹೋಗುತ್ತಿದ್ದ. ಹಾಗಂತ ಹಸು ಕರು ಹಾಕಿದಾಗಲೆಲ್ಲ ಗಿಣ್ಣಿನ ಮೊದಲ ಪಾತ್ರೆ ಅವನ ಹೆಂಡತಿ ಓಬಳಮ್ಮನ ಕೈಗೇ ಹೋಗುತ್ತಿತ್ತು.

ಮೂಸಂಬಿ ಮುಗಿದಿತ್ತು. ಮಹಾಲಕ್ಷ್ಮಮ್ಮ ಸಿಪ್ಪೆಯನ್ನು ಸೆರಗಿನ ತುದಿಯಲ್ಲಿ ಹಿಡಿದುಕೊಂಡಿದ್ದಳು.

"ಆಮೇಲೆ ಹೊಟ್ಟೆ ಬಂತು ಕಣೇ. ಕೊಟ್ಟಿಗೆಯಿಂದ ಒಳಕ್ಕೆ ಬಂದ ದಿನದಿಂದ ಎಲ್ಲಾರೂ ತಿಂಗಳು ಎಣಿಸಿದ್ರು. ಕಾರ್ತೀಕದಲ್ಲಿ ಹುಟ್ದ, ಉಗುರೆಲ್ಲ ಬೆಳೆದು ದಪ್ಪಕಿದ್ದ. ಏಳು ತಿಂಗಳಿಗೇ ಹುಟ್ದ ಅಂದ್ರು. ನಾನೂ ಸುಮ್ಕಾದೆ. ನಕ್ಕೋರ ಹತ್ರ ಹೋಗಿ ನಂದು ನಿಜ ಕಣ್ರಪ್ಪ ಅನ್ನೋಕೆ ನಂಗೇನ್ ದರ್ದು?"

ಅರುಣಾಳಿಗೆ ಒಮ್ಮೆಗೇ ಜೀವ ಬಂದ ಹಾಗಾಯಿತು. ಹಾಗಾದರೆ ತನ್ನದೂ ಉಳಿಯುತ್ತದಾ ಅಂತ ಕೇಳಿದಳು. ಮಹಾಲಕ್ಷ್ಮಮ್ಮ ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. ಗೋವಿಂದರಾಜು ಹುಟ್ಟಿ ಮೂರು ವರ್ಷಕ್ಕೆ ಇನ್ನೊಂದು ಬಸುರು ನಿಂತಿತ್ತು, ಅದರಲ್ಲೂ ರಕ್ತ ಕಾಣಿಸಿತ್ತು. ಈ ಸಲ ಯಲ್ಲಯ್ಯ ಅವಳನ್ನು ಮಂಚದಿಂದ ಇಳಿಯಗೊಡಲಿಲ್ಲ, ತಾನೇ ಮುದ್ದೆ ತೊಳಸಿ ಹಾಕಿದ. ಆದರೂ ಅದು ಹೋಯಿತು, ಆಮೇಲೆ ಮತ್ತೆ ನಿಲ್ಲಲೇ ಇಲ್ಲ.

"ಕೊಟ್ಟಿಗೇಲಿ ಬಿದ್ದಿದ್ದು ಉಳೀತು, ಮಂಚದ ಮೇಲೆ ಕಾಪಾಡಿದ್ದು ಹೋಯ್ತು. ನಾನೇನ್ ಮಾಡಿದ್ಕೆ ಅದು ಉಳೀತು, ಏನ್ ಮಾಡಿದ್ಕೆ ಇದು ಹೋಯ್ತು ಅಂತ ಇವತ್ತಿಗೂ ನಂಗೆ ಗೊತ್ತಿಲ್ಲ. ನಿಂಗೆ ಏನಂತ ಹೇಳ್ಲಿ?"

ಬಸ್ಸು ಹೊರಟಿತು. ಅತ್ತೆಯ ಮೇಲೆ ಅರುಣಾಳಿಗೆ ಅಂದು ಹುಟ್ಟಿದ ಪ್ರೀತಿ ಅದುವರೆಗಿನ ನಾಲ್ಕು ವರ್ಷದಲ್ಲಿ ಹುಟ್ಟಿರಲಿಲ್ಲ. ಆ ಪ್ರೀತಿ ಅನುಭವಿಸಲು ಅವಳಿಗೆ ಒಂದು ವಾರವೂ ಸಿಗಲಿಲ್ಲ.

*

ಚಪ್ಪರದ ಕೆಳಗೆ ಮಾತು ಬೆಳೆಯುತ್ತಿತ್ತು. ಹೊಲದಲ್ಲಿ ಯಲ್ಲಯ್ಯನ ಪಕ್ಕದಲ್ಲೇ ಗುಂಡಿ ತೋಡಿ ಮುಗಿದಿದೆ ಅಂತ ಆಳು ಬಂದು ಹೇಳಿಹೋದ. ರಾಹುಕಾಲ ಶುರುವಾಗುವುದರೊಳಗೆ ಎತ್ತಬೇಕು. ತಮಟೆಯವರು ಹುಲ್ಲಿಗೆ ಬೆಂಕಿ ಹಾಕಿ ತಮಟೆ ಕಾಯಿಸಿ, ಅದು ಆರಿ, ಮತ್ತೆ ಕಾಯಿಸುತ್ತಿದ್ದರು. ಬೆಟ್ಟಸ್ವಾಮಿ ಕತ್ತಿ ಹಿಡಿದೇ ಕೂತಿದ್ದ.

ಬಸುರಿ ಅಂತಾದರೆ ಗೋವಿಂದರಾಜು ಪಕ್ಕಕ್ಕೆ ಸರಿಯಬೇಕು, ಸತ್ತವಳ ಮೈದುನ ಗಂಗಹನುಮಯ್ಯ ತಲೆಕೊಟ್ಟು ಮಣ್ಣು ಹಾಕಬೇಕು ಅಂತ ಅಂಜನಪ್ಪ ಲೆಕ್ಕ ಹಾಕಿದ. ಮುಟ್ಟು ಅಂತಾದರೆ ಏನೂ ತೊಂದರೆಯಿಲ್ಲ, ಕತ್ತಿ ಮುಂದುವರಿಸಬಹುದು. ಗಂಗಹನುಮಯ್ಯ ಕಂಬಕ್ಕೆ ಒರಗಿ ನಿಂತಿದ್ದ. ತನ್ನ ಜೊತೆ ಮಾತೇ ಆಡದೆ ಸತ್ತವಳಿಗೆ ತಾನು ಮಣ್ಣು ಹಾಕುವುದು ಅವನಿಗೂ ಇರಿಸುಮುರಿಸೇ. ಆದರೂ, ಶಾಸ್ತ್ರ ಅಂದ ಮೇಲೆ ಯಾರಾದರೂ ಮಾಡಲೇಬೇಕಲ್ಲ, ನಾನೇ ಕೂರುತ್ತೇನೆ ಅಂತ ಅಂಗಿಯ ಗುಂಡಿ ಬಿಚ್ಚಿದ.

ಗೋವಿಂದರಾಜು ಕೂತಲ್ಲಿಂದಲೇ ಅದನ್ನು ನೋಡಿದ. ಯಾಕೆ ಅಂತ ಗೊತ್ತಿಲ್ಲದಿದ್ದರೂ ಅಮ್ಮ ಈ ಮನುಷ್ಯನ ಜೊತೆ ಮಾತು ಬಿಟ್ಟದ್ದು ಅವನಿಗೆ ಗೊತ್ತಿತ್ತು. ಅಮ್ಮನಿಗಿದ್ದವನು ತಾನೊಬ್ಬನೇ. ಅವಳಿಗೆ ಕೊನೆಯದಾಗಿ ಮಾಡುವ ಒಂದು ಕೆಲಸವೂ ತನ್ನ ಕೈತಪ್ಪುತ್ತದೆ ಅನ್ನುವುದನ್ನು ಅವನಿಂದ ತಡೆದುಕೊಳ್ಳಲಾಗಲಿಲ್ಲ. ಎದ್ದು, ತಲೆಗೆ ಟವೆಲು ಸುತ್ತಿಕೊಂಡು ಹಿತ್ತಲಿಗೆ ಹೋದ.

ಅರುಣಾ ಒಗೆಯುವ ಕಲ್ಲಿನ ಪಕ್ಕ ಕೂತಿದ್ದಳು. ಅವಳ ತಾಯಿ ಎದ್ದು ಆಚೆ ಹೋದಳು. ಗೋವಿಂದರಾಜು ಎದುರಿಗೆ ಕೂತು, ಏನು ಹೇಳಲಿ ಅವರಿಗೆ ಅಂತ ಕೇಳಿದ. ಅರುಣಾ ಇದ್ದದ್ದನ್ನು ಹೇಳಿದಳು. ರಕ್ತ ಎರಡು ದಿನ ನಿಂತಿತ್ತು. ರಾತ್ರಿಯಿಂದ ಮತ್ತೆ ಇದೆ. ಜಾಸ್ತಿಯಿಲ್ಲ, ನೋವಿಲ್ಲ. ಸುದ್ದಿ ಬಂದಾಗ ಡೈರಿಯವರೆಗೆ ಓಡಿದ್ದಕ್ಕೋ, ಅತ್ತದ್ದಕ್ಕೋ, ಸುಮ್ಮನೆಯೋ ಅವಳಿಗೆ ತಿಳಿಯದು.

"ಇದೆಯಾ?" ಅಂದ ಗೋವಿಂದರಾಜು.

"ನಂಗೇನ್ರಿ ಗೊತ್ತು? ಒಳಗಿರೋದು ನಂಗೇ ಕಾಣಲ್ಲ, ಹೊರಗಿರೋರಿಗೆ ಏನಂತ ಹೇಳ್ಲಿ?"

ಅವನು ಅವಳ ಕೈ ಹಿಡಿದುಕೊಂಡು, ನೀನು ಹೇಗೆ ಹೇಳುತ್ತೀಯೋ ಹಾಗೆ ಅಂದ. ಅಂದದ್ದು ಪ್ರೀತಿಯಿಂದಲೇ. ಆದರೆ ಅರುಣಾಳಿಗೆ ಸಿಟ್ಟು ಬಂತು. ಇವನೂ ತನ್ನ ತಲೆಗೇ ಕಟ್ಟುತ್ತಿದ್ದಾನೆ. ಬೋಳಿಸಿಕೊಳ್ಳಿ ಅಂದರೆ ಹೊಟ್ಟೆಯಲ್ಲಿರುವುದು ಇಲ್ಲ ಅಂತ ತಾನೇ ಒಪ್ಪಿಕೊಂಡ ಹಾಗೆ. ಬೇಡ ಅಂದು, ಮುಂದಿನ ವಾರ ಡಾಕ್ಟರಮ್ಮ ಇಲ್ಲ ಅಂದುಬಿಟ್ಟರೆ, ಇಲ್ಲದ ಕೂಸಿನ ಹೆಸರಲ್ಲಿ ಅತ್ತೆಗೆ ಮಗನ ಕೈಯ ಮಣ್ಣು ತಪ್ಪಿಸಿದ ಹಾಗೆ. ಆ ಮಣ್ಣನ್ನು ಹಾಕುವವನು ಯಾರು? ಅತ್ತೆಯನ್ನು ನೋಡಿ ನಕ್ಕವನು. ಅವಳಿಗೆ ಕೂಸೂ ಬೇಕಿತ್ತು, ಅತ್ತೆಗೆ ನ್ಯಾಯವೂ ಬೇಕಿತ್ತು. ಎರಡೂ ಕೇಳಿದರೆ ಅತಿಯಾಸೆ ಅನ್ನುತ್ತಾರಲ್ಲ ಅಂತ ಅಳು ಬಂತು.

ಆಗಲೇ ಚಪ್ಪರದ ಕಡೆಯಿಂದ ಗಂಗಹನುಮಯ್ಯನ ಮಾತು ಕೇಳಿಸಿತು. ಅವನು ಕೆಟ್ಟ ಮನಸ್ಸಿನಿಂದ ಆಡಿದ್ದಲ್ಲ, ಕಾದು ಕಾದು ಬೇಸತ್ತು ಅಂದದ್ದು.

"ಬಸುರಿ ಅಂತಾರೆ, ಹೊರಗೆ ಅಂತಾರೆ. ಈ ಮನೇಲಿ ಇದೇನ್ ಮೊದಲ್ನೇ ಸಲ ಅಲ್ಲ ಬುಡಿ. ನನ್ನ ಮದ್ವೇಲೂ ಇದೇ ಆಟ ಆಗಿತ್ತು."

ಅರುಣಾ ಎದ್ದಳು. ಗೋವಿಂದರಾಜು ಬೇಡ ಅನ್ನುವಷ್ಟರಲ್ಲಿ ನಡುಮನೆ ದಾಟಿ ಚಪ್ಪರಕ್ಕೆ ಬಂದಿದ್ದಳು. ಮುಟ್ಟಾಗಿದ್ದರೂ ಅಲ್ಲಿಗೆ ಬರಬಾರದು, ಬಸುರಿಯಾಗಿದ್ದರೂ ಬರಬಾರದು. ಹೆಂಗಸರು ಸೆರಗು ಬಾಯಿಗಿಟ್ಟುಕೊಂಡರು. ಅವಳು ಅತ್ತೆಯ ಕಾಲ ಹತ್ತಿರ ನಿಂತು, ತಲೆ ತಗ್ಗಿಸಿಯೇ ಮಾತಾಡಿದಳು.

"ಚಿಕ್ಕಮಾವ, ನಿಮ್ಮ ಮದ್ವೇಲಿ ಅತ್ತೆಗೆ ರಕ್ತ ಹೋಗಿದ್ದು ನಿಜ. ಬಸುರಿಯಾಗಿದ್ದಿದ್ದೂ ನಿಜ. ಅವಾಗ ಹೊಟ್ಟೇಲಿ ಇದ್ದೋರೇ ಇವ್ರು. ಇವ್ರು ಏಳು ತಿಂಗಳಿಗೆ ಹುಟ್ಟಿಲ್ಲ. ತಿಂಗಳು ತುಂಬಿ ಹುಟ್ಟಿದ್ದು, ನೀವೆಲ್ಲ ಎಣಿಸಿದ್ದು ತಪ್ಪು."

ಹಿಂದೆಯೇ ಬಂದಿದ್ದ ಗೋವಿಂದರಾಜು ಬಾಗಿಲಲ್ಲೇ ನಿಂತುಬಿಟ್ಟ. ಹುಟ್ಟಿದಂದಿನಿಂದ ಹೊತ್ತ ಹೆಸರು ಒಂದು ಮಾತಿಗೆ ಕಳಚಿ ಬಿದ್ದಿತ್ತು, ಗಣಿತದಲ್ಲಿ ಫೇಲಾದದ್ದಕ್ಕೆ ಇನ್ನು ಬೇರೆ ಕಾರಣ ಹುಡುಕಬೇಕಿತ್ತು. ಅದಕ್ಕಿಂತ ಹೆಚ್ಚಾಗಿ, ಕೊಟ್ಟಿಗೆಯ ಮೂಲೆಯಲ್ಲಿ ಅಮ್ಮನ ಜೊತೆ ತಾನೂ ಇದ್ದೆ ಅನ್ನುವುದು ಅವನಿಗೆ ಸಹಿಸಲಾರದ ಸಂಕಟವಾಯಿತು. ಟವೆಲಿನ ತುದಿಯಿಂದ ಮುಖ ಮುಚ್ಚಿಕೊಂಡು ಅವನು ಅಂದು ಮೊದಲ ಸಲ ಗಟ್ಟಿಯಾಗಿ ಅತ್ತ.

ಗಂಗಹನುಮಯ್ಯ ಬಿಚ್ಚಿದ ಅಂಗಿಯನ್ನು ಕೈಯಲ್ಲಿ ಹಿಡಿದುಕೊಂಡು ಹೆಬ್ಬೆರಳನ್ನು ಬೆರಳಗೆಣ್ಣುಗಳ ಮೇಲೆ ಸರಿಸುತ್ತಿದ್ದ. ವೈಶಾಖ, ಜ್ಯೇಷ್ಠ, ಆಷಾಢ. ಕಾ‌ರ್ತೀಕಕ್ಕೆ ಬಂದು ನಿಂತು, ಮತ್ತೆ ಹಿಂದಕ್ಕೆ ಎಣಿಸಿದ. ಓಬಳಮ್ಮ ಗಂಡನನ್ನೇ ನೋಡುತ್ತಿದ್ದಳು. ಹಸೆಮಣೆಯ ಮೇಲೆ ಅವನ ಪಕ್ಕದಲ್ಲಿ ಕೂತಿದ್ದ ಮದುಮಗಳು ಅವಳೇ, ಆ ತಮಾಷೆಗೆ ಎಲ್ಲರ ಜೊತೆ ಅವಳೂ ನಕ್ಕಿದ್ದಳು.

"ಹಂಗಾರೆ ಈಗ ನಿಂಗೆ ಐತಾ ತಾಯಿ?" ಅಂದ ಅಂಜನಪ್ಪ. ದನಿ ಮೆತ್ತಗಾಗಿತ್ತು.

"ಗೊತ್ತಿಲ್ಲ ಅಣ್ಣ. ಡಾಕ್ಟ್ರಿಗೂ ಗೊತ್ತಿಲ್ಲ." ಅವಳು ಅತ್ತೆಯ ಪಾದ ಮುಟ್ಟಿದಳು, ಯಾರೂ ತಡೆಯಲಿಲ್ಲ. "ಇವ್ರ ಕೈಯಿಂದ್ಲೇ ಮಣ್ಣು ಹಾಕ್ಸಿ. ಇದ್ರೆ ಅದಕ್ಕೇನೂ ಆಗಲ್ಲ. ಇಲ್ದಿದ್ರೂ ಅದು ಇದರಿಂದ ಆಗಿದ್ದಲ್ಲ."

ಹೀಗೆ ಹೇಳುವ ಧೈರ್ಯ ಎಲ್ಲಿಂದ ಬಂತೋ ಅವಳಿಗೂ ತಿಳಿಯದು. ಅಂದ ಮರುಕ್ಷಣವೇ ಭಯವಾಯಿತು, ಏನು ಅಂದುಬಿಟ್ಟೆ ಅನ್ನಿಸಿತು. ಅಂಜನಪ್ಪ ಸ್ವಲ್ಪ ಹೊತ್ತು ಆಕಾಶ ನೋಡಿದ. ತಾಯಿ ಸತ್ತಾಗ ಮಗನಿಗೆ ವಿನಾಯಿತಿ ಉಂಟು ಅಂತ ತನ್ನ ಅಜ್ಜ ಹೇಳುತ್ತಿದ್ದ ನೆನಪು ಅಂದ. ಹೇಳಿದ್ದನೋ ಇಲ್ಲವೋ, ಎಲ್ಲರೂ ನಂಬಿದರು. ಗಂಗಹನುಮಯ್ಯ ಅಂಗಿ ತೊಟ್ಟುಕೊಂಡ. ಗೋವಿಂದರಾಜು ಬಂದು ಕೂತ, ಬೆಟ್ಟಸ್ವಾಮಿ ಒಣಗಿದ ತಲೆಗೆ ಮತ್ತೆ ನೀರು ಹಾಕಿದ.

ಸೊಸೆ ಬಸುರಿಯೋ ಅಲ್ಲವೋ ಅನ್ನುವುದನ್ನು ಮಾತ್ರ ಯಾರೂ ತೀರ್ಮಾನಿಸಲಿಲ್ಲ.

*

ಓಬಳಮ್ಮ ಅರುಣಾಳನ್ನು ಬೀದಿಯ ಕೊನೆಯ ತನ್ನ ಮನೆಗೆ ಕರೆದುಕೊಂಡು ಹೋದಳು. ಒಳಗೆ ಚಾಪೆ ಹಾಸಿ, ಕುಡಿಯಲು ಹಾಲು ಕೊಟ್ಟು, ಹೆಣ ಎತ್ತಿದ ಮೇಲೆ ಆ ಮನೆಯನ್ನು ತೊಳೆಯಬೇಕು, ನಾನು ಹೋಗದಿದ್ದರಾಗುವುದಿಲ್ಲ ಅಂದಳು.

ಹೆಣ ಬೀದಿಯಲ್ಲಿ ಹೋಗುವಾಗ ಬಸುರಿ ಇರುವ ಮನೆಯ ಬಾಗಿಲನ್ನು ಹಾಕುವುದು ಅಲ್ಲಿಯ ವಾಡಿಕೆ. ಬೇರೆ ಮನೆಗಳದ್ದು ತೆರೆದೇ ಇರುತ್ತದೆ, ಜನ ಹೊಸಿಲಲ್ಲಿ ನಿಂತು ಕೈಮುಗಿಯುತ್ತಾರೆ. ಓಬಳಮ್ಮ ಹೊರಡುವಾಗ ಬಾಗಿಲ ಮೇಲೆ ಕೈಯಿಟ್ಟು ಅನುಮಾನಿಸಿದಳು. ಹಾಕಲಾ ಅಂತ ಕೇಳಿದಳು. ಅರುಣಾಳಿಗೆ ಹಾಕಿ ಅನ್ನಲು ಬಾಯಿ ಬರಲಿಲ್ಲ, ಬೇಡ ಅನ್ನಲೂ ಬರಲಿಲ್ಲ. ಓಬಳಮ್ಮ ಜೋಡಿ ಬಾಗಿಲಲ್ಲಿ ಒಂದನ್ನು ಹಾಕಿ, ಒಂದನ್ನು ಬಿಟ್ಟು ಹೋದಳು.

ತಮಟೆ ಹತ್ತಿರವಾಯಿತು. ಅರುಣಾ ಎದ್ದು ಬಾಗಿಲ ಮರೆಗೆ ಬಂದು ನಿಂತಳು. ಅತ್ತೆಯ ಮುಖವನ್ನು ಇನ್ನೊಂದು ಸಲ ನೋಡಬೇಕಿತ್ತು, ಅಷ್ಟೇ. ಮೊದಲು ತಮಟೆಯವರು ಹೋದರು. ಆಮೇಲೆ ಬೋಳುತಲೆಯ ಗೋವಿಂದರಾಜು ಬೆಂಕಿಯ ಮಡಕೆ ಹಿಡಿದು ಬಂದ. ಅವಳಿಗೆ ಒಂದು ಕ್ಷಣ ಗಂಡನ ಗುರುತೇ ಸಿಗಲಿಲ್ಲ. ಅವನು ಈ ಕಡೆ ತಿರುಗಿ ನೋಡಲಿಲ್ಲ. ಅವನ ಹಿಂದೆ ಚಟ್ಟ, ಅದರ ಮುಂದಿನ ಬೊಂಬಿಗೆ ಹೆಗಲು ಕೊಟ್ಟವನು ಗಂಗಹನುಮಯ್ಯ.

ಮನೆಯ ಎದುರಿಗೆ ಬರುತ್ತಲೇ ಗಂಗಹನುಮಯ್ಯ ನಿಂತ. ಅವನು ನಿಂತದ್ದಕ್ಕೆ ಚಟ್ಟ ನಿಂತಿತು, ಚಟ್ಟ ನಿಂತದ್ದಕ್ಕೆ ಮುಂದೆ ಹೋಗಿದ್ದ ತಮಟೆಯೂ ನಿಂತಿತು. ಅವನು ಪಕ್ಕದವನನ್ನು ಕರೆದು ತನ್ನ ಹೆಗಲಿನ ಭಾರ ದಾಟಿಸಿ, ಸಾಲಿನಿಂದ ಹೊರಬಂದು, ಜಗಲಿಯ ಮೆಟ್ಟಿಲು ಹತ್ತಿದ. ಬಾಗಿಲ ಸಂದಿಯಲ್ಲಿ ಅರುಣಾಳನ್ನು ಕಂಡ. ಅವಳ ಮುಖವನ್ನು ನೆಟ್ಟಗೆ ನೋಡಲಿಲ್ಲ. ಬಿಟ್ಟಿದ್ದ ಬಾಗಿಲು ನೆಲಕ್ಕೆ ಉಜ್ಜುವ ಬಾಗಿಲು. ಸದ್ದಾಗದ ಹಾಗೆ ಎರಡು ಕೈಯಲ್ಲಿ ಅದನ್ನು ತುಸು ಎತ್ತಿ ಹಿಡಿದು, ಮೆಲ್ಲಗೆ ಎಳೆದುಕೊಂಡ. ಅರುಣಾಳ ಸುತ್ತ ಕತ್ತಲಾಯಿತು.

ಅವಳು ಬಾಗಿಲಿಗೆ ಅಂಗೈ ಒತ್ತಿ ನಿಂತಳು. ಹೊರಗೆ ಯಾರೂ ಅಲುಗಾಡುವ ಸದ್ದಿರಲಿಲ್ಲ. ಅವನು ಹೊರಗಿನ ಚಿಲಕ ಸಿಕ್ಕಿಸಿದ ಮೇಲೆಯೇ ತಮಟೆ ಮತ್ತೆ ಶುರುವಾಯಿತು.